ಕೆಂಪು ಬೆಳಕಿಗೆ ಕಾದವನು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಆರಂಭವಾದ ಮಳೆ ನಾಲ್ಕಾದರೂ ನಿಂತಿರಲಿಲ್ಲ. ಕ್ಯಾಲಿಫೋರ್ನಿಯಾದ ಆ ಕಣಿವೆಯಲ್ಲಿ ಮಳೆಯೇ ಅಪರೂಪ. ಆ ಅಪರೂಪವೂ ಯುದ್ಧಚಿತ್ರದ ಚಿತ್ರೀಕರಣದ ದಿನವೇ ಒದಗಿಬಂದಿತ್ತು. ತಗಡಿನ ಶೆಡ್ಡಿನೊಳಗೆ ಜೋಡಿರೆಕ್ಕೆಯ ಐದು ಹಳೆಯ ಯುದ್ಧವಿಮಾನಗಳು ಸಾಲಾಗಿ ನಿಂತಿದ್ದವು. ಐದನೆಯದರ ಚಕ್ರಕ್ಕೆ ಒರಗಿ, ಒಲೆಯ ಮೇಲೆ ಕಾಫಿ ಕಾಯಲಿಟ್ಟು, ಮೆಕ್ಯಾನಿಕ್ ಥ್ಯಾಡಿಯಸ್ ಕ್ರೋಲ್ ಕುಳಿತಿದ್ದ. ವಯಸ್ಸು ಎಪ್ಪತ್ತೊಂದು. ಅವನ ಮಡಿಲಲ್ಲಿದ್ದ ಬಿಳಿಯ ರೇಷ್ಮೆ ಸ್ಕಾರ್ಫ್ ಪೈಲಟ್ ಇನೆಜ್‌ಳದು.

ಮಳೆ ನಿಂತ ಕೂಡಲೇ ಇನೆಜ್ ಆ ವಿಮಾನವನ್ನು ಹಾರಿಸಬೇಕಾಗಿತ್ತು. ಗುಂಡೇಟು ತಿಂದ ಪೈಲಟ್‌ನಂತೆ ನಟಿಸುತ್ತ, ಸ್ಕಾರ್ಫನ್ನು ಕಳಚಿ ಗಾಳಿಗೆ ಎಸೆಯಬೇಕೆಂದು ನಿರ್ದೇಶಕರು ಬೆಳಿಗ್ಗೆಯಷ್ಟೇ ಹೇಳಿದ್ದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮುದುಕ ಅವಳ ಕೊರಳಿನಿಂದ ಅದನ್ನು ಎಳೆದುಕೊಂಡುಬಿಟ್ಟಿದ್ದ.

"ಥ್ಯಾಡ್, ಕೊಟ್ಬಿಡು. ಈ ಕೆಲಸ ಹೋದ್ರೆ ಹೆಂಗಸಿನ ಕೈಗೆ ಇನ್ನೊಂದ್ಸಲ ವಿಮಾನ ಯಾರು ಕೊಡ್ತಾರೆ?"

"ಇಟ್ಕೊಳ್ಲಿ ಬಿಡು ಇನೆಜ್, ಒಳ್ಳೇ ಮದುಮಗನ ಥರ ಕಾಣ್ತಾನೆ," ಎಂದ ಕ್ಯಾಮೆರಾದ ಬರ್ಟ್.

"ನಗು ಮಗನೇ, ನಗು. ಇನೆಜ್, ಬಾ ಕೂತ್ಕೋ. ಮಳೆ ನಿಲ್ಲೋವರೆಗೆ ನಾನು ಹೇಳೋದು ಕೇಳು, ಆಮೇಲೆ ತಗೊಂಡು ಹೋಗು."

ಬೇರೆ ದಾರಿ ಕಾಣದೆ ಇನೆಜ್ ಉಪಕರಣದ ಪೆಟ್ಟಿಗೆಯ ಮೇಲೆ ಕುಳಿತಳು. ಮುದುಕ ಕಾಫಿ ಬಗ್ಗಿಸಿ ಇಬ್ಬರಿಗೂ ಕೊಟ್ಟ, ತಾನು ಕುಡಿಯಲಿಲ್ಲ.

"ಇಪ್ಪತ್ತೊಂಬತ್ತು ವರ್ಷ ಆಯ್ತು. ಇದೇ ಮೈದಾನ, ಆಗಲೂ ಯುದ್ಧದ ಸಿನಿಮಾನೇ. ಇಪ್ಪತ್ತೆರಡು ದಿನ ಸುಮ್ನೆ ಕೂತಿದ್ವಿ ಕಣಮ್ಮ, ಯಾಕೆ ಗೊತ್ತಾ? ಮೋಡ ಇರ್ಲಿಲ್ಲ. ಬೋಳು ಆಕಾಶದಲ್ಲಿ ಎಷ್ಟೇ ಜೋರಾಗಿ ಹಾರು, ತೆರೆ ಮೇಲೆ ನೊಣ ಅಂಟ್ಕೊಂಡ ಹಾಗೆ ಕಾಣುತ್ತೆ, ಹಿಂದೆ ಮೋಡ ಇದ್ರೇನೇ ವೇಗ ಕಾಣೋದು. ನಮ್ಮ ಪೈಲಟ್ಟು ಲೈಲ್ ಹಾಲಿಸ್... ನನ್ನ ಕೈಗೆ ಮೊದಲು ಸ್ಪ್ಯಾನರ್ ಕೊಟ್ಟೋನೇ ಅವನು, ನಿಜವಾದ ಯುದ್ಧದಿಂದ ಒಂದು ಗೀರೂ ಇಲ್ದೆ ವಾಪಸ್ ಬಂದೋನು. ಈ ಥರ ವಿಮಾನದಲ್ಲಿ ಆಗ್ಲೂ ಈಗ್ಲೂ ರೇಡಿಯೋ ಎಲ್ಲಿದೆ? ಅದಕ್ಕೇ ನಾವಿಬ್ರೂ ಒಂದು ಗುರುತು ಮಾಡ್ಕೊಂಡಿದ್ವಿ. ಮೇಲೆ ನಿಜವಾಗ್ಲೂ ಏನಾದ್ರೂ ಕೆಟ್ರೆ ಅವನು ಸ್ಕಾರ್ಫ್ ಎಸೀಬೇಕು, ನಾನು ಕೆಳಗಿಂದ ಪಿಸ್ತೂಲಲ್ಲಿ ಕೆಂಪು ಬೆಳಕು ಹಾರಿಸ್ಬೇಕು. ಕೆಂಪು ಕಂಡ್ರೆ ಮೈದಾನದಲ್ಲಿರೋರೆಲ್ಲಾ ಓಡಿ ಅವನಿಗೆ ಇಳಿಯೋಕೆ ಜಾಗ ಬಿಡ್ಬೇಕು. ಅಷ್ಟೇ.

"ಇಪ್ಪತ್ತೆರಡನೇ ದಿನ ತಾಲೀಮಿನಲ್ಲಿ ಸ್ಕಾರ್ಫ್ ತಾನಾಗೇ ಬಿಚ್ಕೊಂಡು ಹಾರಿಹೋಯ್ತು. ನಾನು ಪಿಸ್ತೂಲು ಎತ್ತೋಷ್ಟರಲ್ಲಿ ನಿರ್ದೇಶಕ ಕುಣಿದಾಡಿಬಿಟ್ಟ... 'ಸಾಯೋವಾಗ ಹಿಂಗೇ ಹಾರ್ಬೇಕು, ಇದನ್ನ ದೃಶ್ಯದಲ್ಲಿ ಇಟ್ಕೊಳ್ಳಿ!' ಅಂತ. ಮಾರನೇ ದಿನ ಮೋಡ ಬಂತು, ಬೆಣ್ಣೆ ಮುದ್ದೆ ಥರ. ಎಲ್ಲಾರೂ ಓಡಿದ್ದೇ ಓಡಿದ್ದು. ಲೈಲ್ ವಿಮಾನ ಹತ್ತುತ್ತಾ 'ಥ್ಯಾಡ್, ಇನ್ನು ನಮಗೆ ಬೇರೆ ಗುರುತು ಬೇಕಲ್ಲೋ' ಅಂದ. ನಾನೇನಂದೆ?... 'ಮೋಡ ಚದುರಿಹೋಗುತ್ತೆ ಮಾರಾಯ, ಸಂಜೆ ಮಾತಾಡೋಣ, ಹತ್ತು' ಅಂದೆ. ಹಂಗಂದಿದ್ದು ಇದೇ ಬಾಯಿ.

"ಸ್ಕಾರ್ಫ್ ಬಿತ್ತು. ಹೇಳಿದ ಜಾಗದಲ್ಲೇ, ಹೇಳಿದ ಹೊತ್ತಿಗೇ. ಹಿಂದೇನೇ ಎಂಜಿನ್ ನಿಂತುಹೋಯ್ತು. ಅಭಿನಯ ಅಂದ್ಕೊಂಡೆ... ಅಂದ್ಕೊಂಡೆನಾ? ನಾನೇ ಬಿಗಿದ ಎಂಜಿನ್ ಕಣಮ್ಮ, ಅದನ್ನ ನಿಲ್ಲಿಸಿದ್ದಕ್ಕೂ ಅದು ಸತ್ತಿದ್ದಕ್ಕೂ ವ್ಯತ್ಯಾಸ ನನ್ನ ಕಿವಿಗೆ ಗೊತ್ತಾಗಲ್ವಾ? ಮೈದಾನದ ತುಂಬಾ ಸೈನಿಕರ ವೇಷ ಹಾಕಿದ ಇನ್ನೂರು ಜನ, ತಲೆಯೆತ್ತಿ ಚಪ್ಪಾಳೆ ತಟ್ತಿದ್ರು. ಅವನು ಒಂದು ಸುತ್ತು ಬಂದ. ಎರಡನೇ ಸುತ್ತಿಗೆ ಕನ್ನಡಕ ಮೇಲೆತ್ತಿ ನೇರ ನನ್ನನ್ನೇ ನೋಡಿದ. ಪಿಸ್ತೂಲು ಕೈಯಲ್ಲೇ ಇತ್ತು. ನನ್ನ ಲೆಕ್ಕ ತಪ್ಪಾಗಿದ್ರೆ? ಇಷ್ಟು ದಿನ ಕಾದ ಮೋಡ ದಂಡ, ನನ್ನ ಕೆಲಸವೂ ಹೋಯ್ತು... ಅಂತ ಬೆರಳು ಹಂಗೇ ನಿಂತುಬಿಡ್ತು. ಮೂರನೇ ಸುತ್ತು. ಇನ್ನೂರು ಜನದ ಮೇಲೆ ಹೆಂಗೆ ಇಳಿಸ್ತಾನೆ? ಗುಡ್ಡದ ಕಡೆ ತಿರುಗಿಸಿಬಿಟ್ಟ."

ಬರ್ಟ್‌ನ ಕೈಯಲ್ಲಿದ್ದ ಕಾಫಿ ತಣ್ಣಗಾಗಿತ್ತು. ಇನೆಜ್ ತನಗರಿವಿಲ್ಲದೆಯೇ ಬರಿದಾದ ಕೊರಳನ್ನು ಮುಟ್ಟಿಕೊಂಡಳು.

"ಮುಂದಿನ ವರ್ಷ ಸಿನಿಮಾ ಬಂತು. ಹೋದೆ. ತೆರೆ ಮೇಲೆ ಒಂದು, ಎರಡು, ಮೂರು ಸುತ್ತು ಎಣಿಸಿದೆ... ನಾಲ್ಕನೇದೂ ಬಂತು. ಪಕ್ಕದೋನನ್ನ ಕೇಳಿದ್ರೆ ಮೂರೇ ಅಂದ. ರೀಲು ತರಿಸಿ ಅಳತೆ ಹಾಕಿಸಿದೆ, ಅದ್ರಲ್ಲೂ ಮೂರೇ. ಅದರ ಮುಂದಿನ ವರ್ಷ ಮತ್ತೆ ನೋಡಿದ್ರೆ ಐದು ಸುತ್ತು. ವರ್ಷಕ್ಕೊಂದು ಹೆಚ್ಚು. ಹೋದ ವರ್ಷ ಮೂವತ್ತೊಂದು. ಪ್ರತಿ ಸುತ್ತಿಗೂ ಕನ್ನಡಕ ಎತ್ತಿ ನನ್ನ ಕಡೆ ನೋಡ್ತಾನೆ. ಅವನು ಬಿದ್ದಿಲ್ಲ ಕಣಮ್ಮ, ಕಾಯ್ತಿದ್ದಾನೆ. ಮೋಡ ಕವಿದಾಗೆಲ್ಲಾ ಇಲ್ಲಿಗೆ ಬಂದು ಕೆಂಪು ಹಾರಿಸ್ತೀನಿ. ಇಳಿಯಲ್ಲ. ಈ ಕೈ ಮೇಲೆ ಅವನಿಗೆ ಇನ್ನು ನಂಬಿಕೆ ಎಲ್ಲಿಂದ ಬರ್ಬೇಕು?..."

ಇನೆಜ್ ಎದ್ದು ನಿಂತಳು. "ಸ್ಕಾರ್ಫ್ ಸಿನಿಮಾಕ್ಕಿರ್ಲಿ. ನಿಜವಾಗ್ಲೂ ಕೆಟ್ರೆ ನಾನು ಮೂರು ಸಲ ರೆಕ್ಕೆ ಅಲ್ಲಾಡಿಸ್ತೀನಿ. ಬರ್ಟ್, ನೀನೂ ಕೇಳಿಸ್ಕೋ. ಇದು ಈಗಲೇ ತೀರ್ಮಾನ ಆಗ್ಲಿ, ಸಂಜೆಗಲ್ಲ."

ಮುದುಕ ತಲೆಯಾಡಿಸಿ, ಸ್ಕಾರ್ಫನ್ನು ಮಡಿಸಿ ಅವಳ ಕೈಯಲ್ಲಿಟ್ಟ. ಆಗಲೇ ಛಾವಣಿಯ ಮೇಲಿನ ಮಳೆಯ ಸದ್ದನ್ನು ಸೀಳಿಕೊಂಡು ಇನ್ನೊಂದು ಸದ್ದು ಕೇಳಿಸಿತು. ಎಂಜಿನ್ನಿನದಲ್ಲ, ರೆಕ್ಕೆಗಳ ನಡುವಿನ ತಂತಿಗಳಲ್ಲಿ ಗಾಳಿ ಸಿಳ್ಳೆ ಹಾಕುವ ಸದ್ದು. ಇನೆಜ್ ತಿರುಗಿ ವಿಮಾನಗಳನ್ನು ಎಣಿಸಿದಳು. ಐದೂ ಒಳಗೇ ಇದ್ದವು.

ಅವಳು ಬಾಗಿಲಿಗೆ ಓಡಿದಳು. ಸುರಿಯುವ ಮಳೆಯಲ್ಲಿ ಬೆಳ್ಳಗಿನದೊಂದು ತೇಲುತ್ತ ಇಳಿದು ಬಂತು. ಒಂದು ಕೈಯಲ್ಲಿ ತನ್ನ ಸ್ಕಾರ್ಫ್ ಇದ್ದಂತೆಯೇ ಇನ್ನೊಂದು ಕೈ ಚಾಚಿ ಹಿಡಿದಳು. ರೇಷ್ಮೆ. ತೋಳು ಮೊಣಕೈಯವರೆಗೆ ತೊಯ್ದಿತ್ತು. ಬಟ್ಟೆಯ ಮೇಲೆ ಒಂದು ಹನಿಯೂ ಇರಲಿಲ್ಲ.

"ಒಣಗಿದೆ, ಅಲ್ವಾ? ಈಗಷ್ಟೇ ಕೊರಳಿಂದ ತೆಗೆದ ಹಾಗೆ ಬೆಚ್ಚಗಿದೆ, ಅಲ್ವಾ?" ಮುದುಕ ಅವಳ ಹಿಂದೆ ಬಂದು ನಿಂತಿದ್ದ. ಎರಡೂ ಕೈಗಳಿಂದ ಅವನು ಕೆಂಪು ಬೆಳಕಿನ ಪಿಸ್ತೂಲನ್ನು ಅವಳತ್ತ ಚಾಚಿದ. "ಈ ಸಲ ನೀನು ಹಾರಿಸು ತಾಯಿ, ನಿನ್ನ ಕೈಯನ್ನಾದ್ರೂ ನಂಬ್ತಾನೇನೋ... ಬೇಗ. ಮೂವತ್ತೆರಡನೇ ಸುತ್ತಿಗೆ ತಿರುಗ್ತಾ ಇದ್ದಾನೆ."