ಕರಗುವ ದೇವರು

ಉಮರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಸ್ವಪ್ನಾಲಿಯ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಾಕೆ ಕಸ್ತೂರಬಾಯಿ, ಇನ್ನೊಬ್ಬಾಕೆ ತುರೋರಿಯ ಪೂಜಾರಿ ಮರುಳಯ್ಯನವರ ಹೆಂಡತಿ ಗುರಮ್ಮ ಎಂಬುದು ಮಾತಿನಿಂದಲೇ ತಿಳಿಯಿತು.

“ವೈನಿ, ನಿಮ್ಮ ಮನಿ ಸ್ಫಟಿಕದ ಲಿಂಗ ಸಣ್ಣಾಗ್ಲತದಂತ, ಖರೇನು?”

“ಖರೆ. ತಂದಾಗ ಲಿಂಬಿಹಣ್ಣಿನಷ್ಟಿತ್ತು, ಈಗ ಬಾರಿಹಣ್ಣಿನಷ್ಟು ಆಗ್ಯಾದ.”

“ನಿಮ್ಮ ಮನಿ ಸ್ವಾಮಿಯವರು ಏನಂತಾರ?”

“ತಮ್ಮ ಭಕ್ತಿಗಿ ದೇವರು ಕರಗ್ಲತಾನ ಅಂತಾರ.”

“ನೀವು?”

“ಅಭಿಷೇಕದ ತೀರ್ಥ ಕುಡಿದೆ, ಬಾಯಿ ಒಗರೊಗರಾಯ್ತು. ಅದು ತುರಟಿ! ಗಡ್ಡ ಮಾಡಿದ ಮ್ಯಾಲ ಹಚ್ಕೋತಾರಲ್ಲ, ರಾಡಿ ನೀರು ತಿಳಿ ಆಗ್ಲಿಕ್ಕ ತಿರುವ್ತಾರಲ್ಲ, ಅದು. ಮಾರಿದಂವಾ ಸುಳ್ಳೇನೂ ಹೇಳಿಲ್ಲ. ಅವನ ಊರಾಗ ತುರಟಿಗೇ ಸ್ಫಟಿಕ ಅಂತಾರಂತ.”

ಸ್ವಪ್ನಾಲಿ ಕೈಯಲ್ಲಿದ್ದ ಮೊಬೈಲನ್ನು ಮರೆತಳು.

“ಶಿವಶಿವಾ! ಅವರಿಗಿ ಹೇಳೀರೇನು?”

“ಹ್ಯಾಂಗ ಹೇಳ್ಲಿ? ತೀರ್ಥ ಕುಡಿದ್ರ ಬಾಯಿಹುಣ್ಣು ಹೋಗ್ತದಂತ ಮಂದಿ ಪಾಳಿ ಹಚ್ಯಾರ. ಅದಕ್ಕೇ ಕಿರಾಣಿ ಅಂಗಡ್ಯಾಗ ದೊಡ್ಡ ತುರಟಿ ತಗೊಂಡೀನಿ. ಕಲ್ಲಿಗಿ ತಿಕ್ಕಿ ದುಂಡಗ ಮಾಡಿ, ಅವರು ಜಳಕಕ್ಕ ಹೋದಾಗ ಬದಲಿ ಇಡ್ತೀನಿ.”

“ದೇವರು ಒಮ್ಮೆಲೇ ದೊಡ್ಡಾದ್ರ?”

ತುರೋರಿ ಬಸ್ ಬಂತು. ಗುರಮ್ಮ ಚೀಲವನ್ನು ಎದೆಗವಚಿಕೊಂಡು ಎದ್ದಳು.

“ಭಕ್ತಿ ಕಮ್ಮಿ ಬಿತ್ತಂತ ಇನ್ನೊಂದು ತಾಸು ಪೂಜಿಗಿ ಕೂಡ್ತಾರ. ಅಷ್ಟೊತ್ತಾದ್ರೂ ಮನಿ ಶಾಂತ ಇರ್ತದ.”