ಆಂಪ್ಲಿಫೈಯರ್‌ಗೆ ಧೂಳ್ತ ಇಟ್ಟಿದ್ದು

ಯಾರೂ ನಡುವೆ ಎದ್ದು ಹೋಗಬಾರದು. ನೀರು ಕುಡಿಯೋರು ಈಗಲೇ ಕುಡಿದು ಬನ್ನಿ. ಕರೆಂಟ್ ಬಂದರೂ ಅಷ್ಟೇ, ಮುಗಿಯೋವರೆಗೂ ಕೂತಿರಬೇಕು... ಯಾಕೆ ಅಂತ ಆಮೇಲೆ ನಿಮಗೇ ತಿಳಿಯುತ್ತೆ.

ನಾನು ನರ್ಸು. ಹೆಣಕ್ಕೆ ಬಟ್ಟೆ ಹೊದಿಸಿ, ಕೈ ತೊಳೆದು, ಡಬ್ಬಿ ಬಿಚ್ಚಿ ಊಟ ಮಾಡೋಳು. ದೆವ್ವ ಗಿವ್ವ ಅಂದ್ರೆ ನಗ್ತಿದ್ದೆ. ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ನನ್ನ ಚಿಕ್ಕಮ್ಮನ ಮಗ ರಾಹುಲ್‌ಗೆ ಆಗಿದ್ದು. ನಾನೂ ಅಲ್ಲೇ ಇದ್ದೆ.

ಅವನು ಗಿಟಾರ್ ಹುಚ್ಚ. ಬೆಂಗಳೂರಿನಿಂದ ಹೊಸ ಆಂಪ್ಲಿಫೈಯರ್ ತಂದಿದ್ದ, ಕೊನೇ ರೈಲಿಗೆ. ನಾನು ಡ್ಯೂಟಿ ಮುಗಿಸಿ ಸ್ಟೇಷನ್ನಿನಲ್ಲೇ ಅವನ ಜೊತೆಯಾದೆ. ಅಶೋಕಪುರಂನಲ್ಲಿ ಚರಂಡಿ ಕೆಲಸಕ್ಕೆ ರಸ್ತೆ ಅಗೆದಿದ್ರು, ಆಟೋದವನು ಮುಂದಕ್ಕೆ ಬರಲ್ಲ ಅಂದುಬಿಟ್ಟ. ಇಬ್ಬರೂ ಆ ಪೆಟ್ಟಿಗೆಯನ್ನ ಆಚೆ ಈಚೆ ಹಿಡಿದು ನಡೆದ್ವಿ. ಅಕ್ಕಿ ಮೂಟೆ ಭಾರ! ಹಳೇ ಬಾವಿ ಹತ್ತಿರ ಕೈ ಸೋತುಹೋಯ್ತು. ಬಾವಿಕಟ್ಟೆ ಮೇಲೆ ಇಳಿಸಿದ್ವಿ.

ಪೆಟ್ಟಿಗೆ ಒಳಗಿಂದ... ಝಣ್.

"ಏನೋ ಅದು?" ಅಂದೆ, ಮೆಲ್ಲಗೆ.

"ಒಳಗೆ ಸ್ಪ್ರಿಂಗ್ ಇದೆ ಕಣಕ್ಕ. ಅಲ್ಲಾಡಿದ್ರೆ ಸದ್ದಾಗುತ್ತೆ."

ಸರಿ ಅಂದೆ. ಆದರೆ ಎತ್ತಿಕೊಂಡು ಹೊರಟ ಮೇಲೆ ಅಷ್ಟು ಅಲ್ಲಾಡಿದ್ರೂ ಮನೆವರೆಗೂ ಮತ್ತೆ ಆ ಸದ್ದು ಬರಲಿಲ್ಲ.

ಮನೇಲಿ ಅಜ್ಜಿ ಒಬ್ಬಳೇ, ಚಿಕ್ಕಮಾದಮ್ಮ. ರಾಹುಲ್‌ನ ಅಮ್ಮ ಹೋದ ಮೇಲೆ ಅವನನ್ನ ಸಾಕಿದ್ದು ಅವಳೇ. ಅವನಿಗೆ ಬೇರೆ ಯಾರೂ ಇಲ್ಲ. ತಾತ ಮಂಟಯ್ಯ ನೀಲಗಾರರು, ಆ ಬಾವಿಕಟ್ಟೆ ಮೇಲೆ ಕೂತು ತಂಬೂರಿ ಶ್ರುತಿ ಮಾಡ್ಕೊಂಡು ಬಂದು ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡೋರು. ಅವರು ಒಂದು ಸೊಲ್ಲು ಎತ್ತಿದ್ರೆ ಅದನ್ನ ಹಿಡಿದು ಹಾಡೋ ಹಿಂದಿನ ಸೊಲ್ಲು ಅಜ್ಜಿದು. ವರ್ಷದ ಹಿಂದೆ ಅದೇ ಮನೇಲಿ ಹಾಡ್ತಾ ಹಾಡ್ತಾನೇ ಗೋಡೆಗೆ ಒರಗಿಬಿಟ್ರು. ಪ್ರಾಣ ಹೋಗಿತ್ತು, ಕತೆ ಅರ್ಧಕ್ಕೇ ನಿಂತಿತ್ತು. ಹಾಡೋರು ಸತ್ತರೆ ತಂಬೂರಿ ತಂತಿ ಇಳಿಸಬೇಕು, ಅದು ನಮ್ಮ ಮನೆ ಪದ್ಧತಿ. ಅಜ್ಜಿ ಬಿಡಲಿಲ್ಲ. "ಕತೆ ಮುಗ್ದಿಲ್ಲ, ಯಾರೂ ಮುಟ್ಬ್ಯಾಡಿ" ಅಂದಳು. ತಂತಿ ಬಿಗಿದಂಗೇ ಅದು ತೊಲೆ ಹತ್ತಿರದ ಮೊಳೆಗೆ ನೇತಾಡ್ತಿತ್ತು.

ಮೂರು ತೂತಿನ ಪ್ಲಗ್ ಪಾಯಿಂಟ್ ಇದ್ದದ್ದು ಅದರ ಕೆಳಗೆ ಮಾತ್ರ. ರಾಹುಲ್ ಆಂಪ್ ಅಲ್ಲೇ ಇಟ್ಟ. ಅವನು ಸ್ವಿಚ್ ಒತ್ತೋ ಮೊದಲೇ ಅಜ್ಜಿ ಬಂದು ಸಾಂಬ್ರಾಣಿ ಹಾಕಿ, ಕಪ್ಪು ಧೂಳ್ತ ತಗೊಂಡು ಅದರ ಹಣೆಗೆ ಎಳೆದಳು. ಆ ಧೂಳ್ತ ಅಂದ್ರೆ ನಮಗೆ ವಿಭೂತಿ ಇದ್ದಂಗೆ. ಕತೆ ಶುರು ಮಾಡೋ ಮುಂಚೆ ತಂಬೂರಿಗೆ ಇಡೋದು ಅದನ್ನೇ. ಅವಳ ಪಾಲಿಗೆ ಸ್ವರ ಹೊರಡಿಸೋದೆಲ್ಲ ಒಂದೇ ಜಾತಿ.

ಹುಡುಗ ಗೇನ್ ಅನ್ನೋ ತಿರುಪನ್ನ ಪೂರ್ತಿ ತಿರುಗಿಸಿದ. ಸ್ಸ್ಸ್ಸ್... ಒಗ್ಗರಣೆ ಬಾಣಲೆ ಸದ್ದು. ತಂತಿ ಮೀಟಿದ. ಅಬ್ಬಾ! ನನ್ನ ಎದೆಗೂಡೇ ನಡುಗಿತು, ಶೆಲ್ಫಿನ ಲೋಟಗಳು ಕಿಣಿಕಿಣಿ ಅಂದವು.

"ಎಂಗೈತಕ್ಕ? ಇಷ್ಟು ಗೇನ್ ಇಟ್ರೆ ತಂತಿ ಮುಂದೆ ಉಸಿರು ಬಿಟ್ರೂ ಕೇಳ್ಸುತ್ತೆ!"

ಪಕ್ಕದ ಮನೆಯವರು ಗೋಡೆ ಗುದ್ದಿದ್ರು. ಅವನು ಟಪ್ ಅಂತ ಆರಿಸಿದ.

ಅಜ್ಜಿ ಮುಖ ಸಪ್ಪಗಾಯ್ತು. "ಧೂಳ್ತ ಇಟ್ಟ ಮ್ಯಾಕೆ ನಡುವೆ ನಿಲ್ಲಿಸ್ಬಾರ್ದು ಕಣೋ ಮಗ..."

ನಕ್ಕುಬಿಟ್ಟ. ನಾನೂ ನಕ್ಕೆ. ಆ ರಾತ್ರಿ ಅಲ್ಲೇ ಮಲಗಿದೆ.

ಎಷ್ಟೋ ಹೊತ್ತಿಗೆ... ಟಕ್. ಸ್ವಿಚ್ ಸದ್ದು.

ಸ್ಸ್ಸ್ಸ್...

ಕಣ್ಣು ಬಿಟ್ಟೆ. ಆಂಪ್‌ನ ಕೆಂಪು ದೀಪ ಹತ್ತಿತ್ತು. ಗಿಟಾರ್ ಆಚೆ ಗೋಡೆ ಹತ್ತಿರ ಚೀಲದೊಳಗಿತ್ತು. ಆಮೇಲೆ ಕೆಮ್ಮು. ಗಿಡ್ಡವಾಗಿ ಎರಡು, ಉದ್ದಕ್ಕೆ ಒಂದು. ಹಾಡೋಕೆ ಮುಂಚೆ ತಾತ ಕೆಮ್ಮುತ್ತಿದ್ದದ್ದು ಹಾಗೇ. ಟೊಂಯ್... ಅಂತ ಒಂಟಿ ತಂತಿ. ಅದರ ಹಿಂದೆ ಅವರ ದನಿ, ಸತ್ತ ರಾತ್ರಿ ನಿಂತಿತ್ತಲ್ಲ, ಅದೇ ಸೊಲ್ಲಿನಿಂದ. ಕತ್ತಲಲ್ಲಿ ಅಜ್ಜಿ ಎದ್ದು ಕೂತಿದ್ದಳು. ಹಿಂದಿನ ಸೊಲ್ಲು ಹಾಡ್ತಾ ಇದ್ದಳು.

ರಾಹುಲ್ ಹಾರಿ ಹೋಗಿ ಪ್ಲಗ್ ಕಿತ್ತ. ದನಿ ಹೋಯ್ತು. ಅಜ್ಜಿಯ ಬಾಯಿ ತೆರೆದೇ ಇತ್ತು.

ಬೆಳಗ್ಗೆ ಅವಳು ತಟ್ಟೆ ಮುಟ್ಟಲಿಲ್ಲ. ಕತೆ ಎತ್ತಿದೋರು ಮಂಗಳ ಹಾಡೋವರೆಗೂ ಉಣ್ಣಂಗಿಲ್ಲ, ಅದೂ ಪದ್ಧತಿ. ತಾತ ಹೋದಾಗ ಎತ್ತೋರೇ ಇಲ್ಲ ಅಂತ ಉಂಡಿದ್ದಳು, ಈಗ ಅವರೇ ಮತ್ತೆ ಎತ್ತಿದ್ರಲ್ಲ. ಮಾರನೇ ರಾತ್ರಿ ಕಿತ್ತಿಟ್ಟ ಪ್ಲಗ್ ಮತ್ತೆ ಗೋಡೆಯಲ್ಲಿತ್ತು. ಟಕ್. ಕೆಮ್ಮು. ಬಿಟ್ಟಲ್ಲಿಂದ ಮುಂದಕ್ಕೆ. ಅವನು ಮತ್ತೆ ಕಿತ್ತ. ನಾಲ್ಕೈದು ರಾತ್ರಿ ಹೀಗೇ ಆಯ್ತು. ನೀರು ಬಿಟ್ಟು ಬೇರೇನೂ ಅಜ್ಜಿಯ ಹೊಟ್ಟೆಗೆ ಹೋಗಲಿಲ್ಲ. ನಾಡಿ ನನ್ನ ಬೆರಳಿಗೆ ಸಿಗೋದೇ ಕಷ್ಟವಾಯ್ತು. ಡ್ರಿಪ್ ಹಾಕಲು ಹೋದರೆ ಕೈ ಎಳೆದುಕೊಂಡಳು.

"ಬೆಳಗಾಗೋವರೆಗೂ ಬಿಡೋ, ಮುಗೀಲಿ!" ಅಂತ ರೇಗಿದೆ.

"ಮುಗುದ್ರೆ ತಾತ ಇವಳನ್ನೂ ಕರ್ಕೊಂಡ್ ಹೋಗ್ತಾರೆ ಅಕ್ಕ..." ಬಿಕ್ಕಿ ಬಿಕ್ಕಿ ಅತ್ತ. ಗಡ್ಡ ಬಂದ ಗಂಡು, ಮಗು ಥರ.

ಅಜ್ಜಿ ಕೇಳಿಸಿಕೊಂಡಿದ್ದಳು. ಹತ್ತಿರ ಕರೆದು ಅವನ ತಲೆ ಸವರಿದಳು.

"ಹಿಂದೆ ಹಾಡೋರಿಲ್ದೆ ನಿಂತವ್ರೆ ಕಣೋ ಮಗ, ಅಷ್ಟೇಯ. ನನ್ನ ಸೊಲ್ಲಿಗೆ ಕಾಯ್ತಾವ್ರೆ. ಬುಡು... ಮುಗ್ಸೋಕೆ ಬುಡು."

ಆ ರಾತ್ರಿ ಪ್ಲಗ್ ಸಿಕ್ಕಿಸಿದ್ದು ರಾಹುಲ್ಲೇ. ಗೇನ್ ಪೂರ್ತಿ ಇಟ್ಟ. ಅಗುಳಿ ಹಾಕಿ ಬಂದು ಅಜ್ಜಿಯ ಪಾದ ಹಿಡಿದು ಕೂತ. ತಾತನ ಸೊಲ್ಲು, ಅಜ್ಜಿಯ ಸೊಲ್ಲು. ತಾತನದು, ಅಜ್ಜಿಯದು. ಊಟವಿಲ್ಲದ ಆ ಮುದುಕಿಗೆ ಅಷ್ಟು ದನಿ ಎಲ್ಲಿತ್ತೋ ನಾ ಕಾಣೆ. ಪಕ್ಕದ ಮನೆಯವರು ಗೋಡೆ ಗುದ್ದಲಿಲ್ಲ. ಹಾಲಿನ ವ್ಯಾನಿನ ಹಾರ್ನ್ ಕೇಳೋ ಹೊತ್ತಿಗೆ ಮಂಗಳ. ಆಮೇಲೆ ಬರೀ ಸ್ಸ್ಸ್ಸ್... ಅದರೊಳಗಿಂದ ಒಂದು ನಿಟ್ಟುಸಿರು. ಟಪ್. ದೀಪ ಆರಿತು.

ಅಜ್ಜಿಯ ತಲೆ ಪಕ್ಕಕ್ಕೆ ವಾಲಿತು.

"ಅಜ್ಜೀ!" ಅಂತ ರಾಹುಲ್ ಚೀರಿದ. ನಾನು ಕೈ ಹಿಡಿದೆ... ನಾಡಿ ಹುಡುಕಿದೆ... ಇತ್ತು. ಅಜ್ಜಿ ಗೊರಕೆ ಹೊಡೀತಿದ್ದಳು.

ಬಿಸಿಲೇರಿದ ಮೇಲೆ ಎದ್ದು, "ಹಿಟ್ಟು ಮಾಡಿದ್ದೀಯೇನವ್ವ?" ಅಂದಳು. ಮುದ್ದೆ ತಂದುಕೊಟ್ಟೆ. ಒಂದು ತುತ್ತು ಮುರಿದು ಸಾರಿಗೆ ಅದ್ದಿ, ಯಾಕೋ ಮೇಲೆ ನೋಡಿದಳು. ನಾವೂ ನೋಡಿದ್ವಿ.

ತಂಬೂರಿಯ ತಂತಿ ಇಳಿಸಿತ್ತು.

ಕಿತ್ತಿರಲಿಲ್ಲ. ವರ್ಷದಿಂದ ಯಾರೂ ಮುಟ್ಟದೆ ಕಚ್ಚಿಕೊಂಡಿದ್ದ, ತಂತಿ ಸುತ್ತೋ ಬಿರಡೆಯನ್ನ ನಿಧಾನವಾಗಿ ತಿರುಗಿಸಿ ಇಳಿಸಿದಂಗಿತ್ತು. ಏಣಿ ಇಲ್ಲದೆ ಅಲ್ಲಿಗೆ ನಮ್ಮ ಮೂವರಲ್ಲಿ ಯಾರ ಕೈಯೂ ಎಟುಕಲ್ಲ. ಬಾಗಿಲ ಅಗುಳಿ ಹಾಕಿದಂಗೇ ಇತ್ತು. ತಾತ ಸತ್ತ ದಿನವೂ ಅಳದವಳು ತುತ್ತು ಕೈಯಲ್ಲೇ ಹಿಡ್ಕೊಂಡು ಅವತ್ತು ಅತ್ತಳು, ನೋಡಿ.

ಅಜ್ಜಿ ಆಮೇಲೂ ಎಷ್ಟೋ ವರ್ಷ ಬದುಕಿದಳು. ಒಂದು ಸೊಲ್ಲೂ ಹಾಡಲಿಲ್ಲ. ಆ ಆಂಪ್‌ನಲ್ಲಿ ರಾಹುಲ್ ಈಗಲೂ ಬಾರಿಸ್ತಾನೆ. ಎತ್ತಿದ ಹಾಡನ್ನ ಮಾತ್ರ ನಡುವೆ ನಿಲ್ಲಿಸಲ್ಲ, ಪಕ್ಕದವರು ಪೊಲೀಸರನ್ನ ಕರೆದರೂ ಸರಿಯೇ. ಸುಳ್ಳು ಅನ್ನೋರು ನಾಳೆ ನನ್ನ ಜೊತೆ ಬನ್ನಿ, ತೋರಿಸ್ತೀನಿ. ತಂತಿ ಇನ್ನೂ ಹಾಗೇ ಜೋತಾಡ್ತಿದೆ. ಬಿರಡೆ ಮೇಲೆ ಹೆಬ್ಬೆರಳಗಲ ಕಪ್ಪು ಧೂಳ್ತ ಇದೆ... ನಾವು ಯಾರೂ ಹಚ್ಚಿದ್ದಲ್ಲ.