ಪೂಜೆಗಿಟ್ಟ ಜಾಕ್

ಊರಿನ ಹೆಸರು ಬೇಡ. ಹೇಳಿದರೆ ಇಲ್ಲಿ ಕೂತ ನಿಮ್ಮಲ್ಲಿ ನಾಲ್ಕು ಜನ ಹಿಂತಿರುಗಿ ನೋಡುತ್ತೀರಿ. ಅಲ್ಲೊಬ್ಬ ಸಿರಿವಂತನಿದ್ದ. ಅವನಿಗೊಂದು ಮೋಟಾರ್ ಸೈಕಲ್. ಎಂಥದ್ದು? ನಾಲ್ಕು ಅಕ್ಕಿ ಮೂಟೆಯಷ್ಟು ತೂಕದ್ದು. ಅದನ್ನು ಎತ್ತಲಿಕ್ಕೆಂದೇ ಒಂದು ಜಾಕ್ ತರಿಸಿಟ್ಟಿದ್ದ. ಹಿಡಿಕೆ ತಿರುಗಿಸಿದರೆ ಸಾಕು, ಗಾಡಿ ನಿಧಾನವಾಗಿ ಮೇಲೇಳುತ್ತದೆ. ಬುದ್ಧಿ ಇಲ್ಲದವನೇನಲ್ಲ ನೋಡಿ, ನಮ್ಮ ಹಾಗೆಯೇ.

ಆಯುಧಪೂಜೆ ಬಂತು. ಬೆಳಿಗ್ಗೆಯೇ ಸ್ಪ್ಯಾನರು, ಸುತ್ತಿಗೆ, ಕುಡುಗೋಲು, ಜಾಕ್ ಎಲ್ಲವನ್ನೂ ತೊಳೆದು ದೇವರ ಮುಂದೆ ಜೋಡಿಸಿದ. ವಿಭೂತಿ, ಕುಂಕುಮ, ಚೆಂಡುಹೂವು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದು. ಇದು ನಿಮಗೂ ಗೊತ್ತು. ಗಾಡಿಯ ಪೂಜೆ ಮಾತ್ರ ಸಂಜೆಗೆ. ಊಟ ಮುಗಿಸಿ ಗಾಡಿ ಒರೆಸಲು ಕೂತವನಿಗೆ ಕಂಡದ್ದೇನು? ಹಿಂದಿನ ಚಕ್ರದ ಚೈನಿನಲ್ಲಿ ಒಂದು ವರ್ಷದ ಕೆಸರು. ಉಜ್ಜಬೇಕಾದರೆ ಚಕ್ರ ತಿರುಗಬೇಕು. ತಿರುಗಬೇಕಾದರೆ ಗಾಡಿ ಎತ್ತಬೇಕು.

ಹಬ್ಬಕ್ಕೆ ಬಂದಿದ್ದ ಭಾವಮೈದುನನನ್ನು ಕರೆದ.

“ಭಾವ, ಜಾಕ್ ಇತ್ತಲ್ಲ?”

“ಪೂಜೆಗಿಟ್ಟಾಯ್ತು. ಮುಟ್ಟಂಗಿಲ್ಲ.”

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಹಂಗಾದ್ರೆ ನಾಳೆ ಎತ್ತಿ.”

“ಪೂಜೆ ಇವತ್ತು ಕಣೇ. ಕೊಳೆ ಗಾಡಿಗೆ ಮಂಗಳಾರತಿ ಮಾಡೋದಾ?”

“ದೇವ್ರು ಬಗ್ಗಿ ಚೈನ್ ನೋಡ್ತಾನೇನ್ರೀ?”

ನೋಡಿ, ಪ್ರಶ್ನೆ ಸರಿಯಾಗಿಯೇ ಇತ್ತು. ಹೆಂಡತಿ ಸರಿಯಾದ ಪ್ರಶ್ನೆ ಕೇಳಿದರೆ ಗಂಡಸು ಏನು ಮಾಡುತ್ತಾನೆ? ಇಟ್ಟಿಗೆ ತರುತ್ತಾನೆ. ಮೂರು ಇಟ್ಟಿಗೆ, ಅದರ ಮೇಲೊಂದು ಹಳೆಯ ಮಣೆ. ಭಾವಮೈದುನ ಹಿಂದಿನಿಂದ ಎತ್ತಿದ, ಇವನು ಕಾಲಿನಿಂದ ಇಟ್ಟಿಗೆಗಳನ್ನು ಅಡಿಗೆ ತಳ್ಳಿದ.

“ಭಾವ, ಅಲ್ಲಾಡ್ತಿದೆ.”

“ಅಲ್ಲಾಡ್ಲಿ ಬಿಡು. ಹಬ್ಬದ ದಿನ ಏನೂ ಆಗಲ್ಲ.”

ಮಣೆ ಸೀಳಿತು. ಗಾಡಿ ಹಬ್ಬವೆಂದೂ ನೋಡದೆ ಇವನ ಎಡಗಾಲಿನ ಮೇಲೆ ಮಲಗಿತು.

ಭಾವಮೈದುನ ಹ್ಯಾಂಡಲ್ ಹಿಡಿದು ಎಳೆದ. ಗಾಡಿ ಒಂದು ಗೇಣು ಎದ್ದಿತು, ಜಾರಿತು, ಮತ್ತೆ ಅದೇ ಕಾಲಿನ ಮೇಲೆ ಬಿತ್ತು. ಇವನು ಬೆರಳು ಅಲ್ಲಾಡಿಸಿ ನೋಡಿದ. ಪಾದದಿಂದ ಸುದ್ದಿಯೇ ಇಲ್ಲ. ಕಾಲು ಉಳಿದಿದೆಯೋ ಹೋಯಿತೋ ತಿಳಿಯದೆ ಬೆವರಿದ.

“ಬಿಡೋ, ಇನ್ನೊಂದ್ಸಲ ಬಿದ್ರೆ ಕಾಲೇ ಹೋಗುತ್ತೆ,” ಎಂದು ತಮ್ಮನಿಗೆ ಗದರಿ ಹೆಂಡತಿ ಒಳಗೆ ನಡೆದಳು. ಎಲ್ಲಿಗೆ ಹೊರಟಳೆಂದು ಇವನಿಗೆ ಅರ್ಥವಾಯಿತು. ಗಾಡಿಯ ಅಡಿಯಿಂದಲೇ ಕೂಗಿದ: “ಏಯ್! ಅದು ಪೂಜೆಗಿಟ್ಟಿದ್ದು! ಮುಟ್ಬೇಡ!”

ಕಾಲು ಅವನದೇ, ನೋಡಿ. ಬೇರೆಯವರದಲ್ಲ.

ಅವಳು ಜಾಕ್ ತಂದಳು. ಹೂವನ್ನೂ ತೆಗೆದಿರಲಿಲ್ಲ. “ಪೂಜೆ ಮಾಡಿಸ್ಕೊಂಡಾಯ್ತಲ್ಲ, ಈಗ ಕೆಲ್ಸ ಮಾಡ್ಲಿ.” ಸಮನಾದ ನೆಲ ನೋಡಿ ಇಟ್ಟಳು. ಗಾಡಿಯ ಚೌಕಟ್ಟಿನ ಗಟ್ಟಿ ಜಾಗಕ್ಕೆ ಆನಿಸಿದಳು. ಜಾರದಂತೆ ಹಿಡಿಯಲು ತಮ್ಮನಿಗೆ ಹೇಳಿ, ಅವಸರವಿಲ್ಲದೆ ಹಿಡಿಕೆ ತಿರುಗಿಸಿದಳು. ಕಾಲು ಹೊರಬಂತು. ಬೆರಳು ಐದೂ ಇದ್ದವು, ಎರಡು ಮುರಿದಿದ್ದವು.

“ಅಪಚಾರ ಆಯ್ತಲ್ಲೇ,” ಎಂದು ನರಳಿದ ಸಿರಿವಂತ.

“ಆಯ್ತು. ನೀವು ಇಟ್ಟಿಗೆ ಇಟ್ಟಾಗ್ಲೇ ಆಯ್ತು.”

ನಗುತ್ತಿದ್ದೀರಿ. ನಗಿ. ನಿಮ್ಮ ಮನೆಯಲ್ಲಿ ಏಣಿ ಇಲ್ಲವೆ? ಇದೆ. ಹೋದ ವಾರ ಅದಕ್ಕೂ ಕುಂಕುಮ ಹಚ್ಚಿದಿರಿ. ಆದರೆ ಬಲ್ಬು ಹಾಕುವಾಗ ಹತ್ತುವುದು ಯಾವುದನ್ನು? ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟ ಸ್ಟೂಲನ್ನು. ಆಯುಧಕ್ಕೆ ಪೂಜೆ ಏಕೆ? ಅದು ನಮ್ಮನ್ನು ಕಾಯುತ್ತದೆಂದು. ಕಾಯಲು ಬಿಡದೆ ಬರೀ ಪೂಜಿಸಿದರೆ ಅದು ಭಕ್ತಿಯೆ? ಮೊದಲು ಎತ್ತುವ ಕೆಲಸ ಮುಗಿಸಿ, ಆಮೇಲೆ ಕುಂಕುಮ ಹಚ್ಚಿ. ಮರೆತಿರೋ, ಕೈಮುಗಿದು ತೆಗೆದುಕೊಳ್ಳಿ, ಕೆಲಸ ಮುಗಿಸಿ, ಒರೆಸಿ ಮತ್ತೆ ಇಡಿ. ಅದೂ ಮನಸ್ಸಿಗೆ ಒಪ್ಪದಿದ್ದರೆ ಗಾಡಿ ಒಂದು ದಿನ ಕೊಳೆಯಾಗಿಯೇ ನಿಲ್ಲಲಿ, ನೀವು ಎರಡು ಕಾಲಿನ ಮೇಲೆ ನಿಲ್ಲಿ.

ಹೊರಗೆ ನಿಮ್ಮ ಗಾಡಿಗಳ ಕನ್ನಡಿಯಲ್ಲಿ ಹನ್ನೊಂದು ಹೆಲ್ಮೆಟ್ ನೇತಾಡುತ್ತಿವೆ. ಬರುವಾಗ ನೋಡಿಕೊಂಡೇ ಬಂದೆ. ಹೋಗುವಾಗ ಒಂದೂ ಅಲ್ಲಿರಬಾರದು.